ಬೀರಪ್ಪನ ದನಿ ಕದ್ದೆ, ಆದರೂ ಅವನು ನಮ್ಮ ಅಕ್ಕನನ್ನು ಉಳಿಸಿಕೊಟ್ಟ

ಬೀರಪ್ಪನನ್ನು ನಂಬಿದ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ, ಮೊದಲು ನನ್ನ ಮೂರ್ಖತನ ಕೇಳಿಬಿಡಿ. ಆಮೇಲೆ ದೇವರ ಕರುಣೆ ಕೇಳುವಿರಂತೆ. ಇಂಥ ಅನುಭವ ಬರೆಯುವವರು ಸಾಮಾನ್ಯವಾಗಿ ತಾವು ಬಹಳ ಒಳ್ಳೆಯವರಾಗಿದ್ದು, ಕಷ್ಟ ಮಾತ್ರ ಎಲ್ಲಿಂದಲೋ ಬಂದು ಮನೆ ಹೊಕ್ಕಿತೆಂದು ಬರೆಯುತ್ತಾರೆ. ನಮ್ಮ ಮನೆಯಲ್ಲಿ ಕಷ್ಟಕ್ಕೆ ಬಾಗಿಲು ತೆರೆದು, ಚಾಪೆ ಹಾಸಿ, ಚಹಾ ಕೊಟ್ಟವನು ನಾನೇ.

ಹೋದ ವರ್ಷ ಯುಗಾದಿ ಮುಗಿದ ಮೊದಲ ಸೋಮವಾರ, ನಮ್ಮೂರ ಬೀರಪ್ಪನ ಗುಡಿಯೊಳಗೆ, ಪೂಜಾರಿಯ ಕರಿ ಕಂಬಳಿ ಹೊದ್ದು, ಪೂಜಾರಿಯ ದನಿಯಲ್ಲಿ, ನನ್ನ ಒಡಹುಟ್ಟಿದ ಅಕ್ಕನಿಗೆ ದೇವರ ಹೇಳಿಕೆ ಕೊಟ್ಟೆ. ಸುಳ್ಳು ಹೇಳಿಕೆ. ಅಂದಿನಿಂದ ಆಕೆ ಎದೆನೋವಿನ ಗುಳಿಗೆ ಮುಟ್ಟಲಿಲ್ಲ.

ನನ್ನ ಹೆಸರು ಮಲ್ಲೇಶ. ಮಕ್ತಲ್ ಬಸ್ ನಿಲ್ದಾಣದ ಎದುರಿಗೆ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ. ಉಳಿದ ಹೊತ್ತು ಮದುವೆ, ಶಾಲೆ, ಗಣಪತಿ ಮಂಟಪ, ಎಲ್ಲಿ ಕರೆದರೂ ಮಿಮಿಕ್ರಿ. ನಮ್ಮ ಕಡೆಯ ಕಂಡಕ್ಟರ್ ಮರಿಕಲ್ ಬರುವ ಮೊದಲೇ ಮರಿಕಲ್ ಎಂದು ಹೇಗೆ ಕೂಗುತ್ತಾನೆ, ನಮ್ಮ ಬಾಲಪ್ಪ ಮಾಮ ಒಂದು ಮಾತಾಡುವ ಮೊದಲು ಮೂರು ಸಲ ಹೇಗೆ ಕೆಮ್ಮುತ್ತಾನೆ, ಹೆಣ್ಣು ನೋಡಲು ಹೋದಾಗ ನನ್ನದೇ ದನಿ ಹೇಗೆ ಕುರಿಮರಿಯಂತಾಗುತ್ತದೆ, ಎಲ್ಲ ಮಾಡಿ ತೋರಿಸುತ್ತೇನೆ. ಯಾರನ್ನೂ ಬಿಟ್ಟಿಲ್ಲ. ಹೀಗೆ ಹೇಳಿಕೊಳ್ಳುವಾಗ ಮೊದಲು ಹೆಮ್ಮೆಯಾಗುತ್ತಿತ್ತು.

ಬಾಲಪ್ಪ ಮಾಮ ಎಂದರೆ ನಮ್ಮ ಅಕ್ಕ ಮಾಳಮ್ಮನ ಗಂಡ. ನಾರಾಯಣಪೇಟೆಯಲ್ಲಿ ಅವರ ಮನೆ. ನಮ್ಮ ಅವ್ವ ತೀರಿಕೊಂಡಾಗ ನನಗೆ ಏಳು ವರ್ಷ. ಆ ವರ್ಷವೇ ಮದುವೆಯಾದ ಅಕ್ಕ ಗಂಡನ ಮನೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದಳು. ಹೊಸ ಸೊಸೆಯ ಜೊತೆ ಟ್ರಂಕು, ಹಾಸಿಗೆ, ಮೂಗು ಸೋರುವ ಒಬ್ಬ ತಮ್ಮ. ಅತ್ತೆಮನೆಯವರು ಮಿಕಮಿಕ ನೋಡಿದರಂತೆ. ನಮ್ಮದು ಕುರಿ ಕಾಯುವ ಮನೆತನ, ಮಗ್ಗ ಗೊತ್ತಿರಲಿಲ್ಲ. ಅಕ್ಕ ಅಲ್ಲಿ ಹೋಗಿ ಸೀರೆ ನೇಯುವುದು ಕಲಿತಳು. ಹತ್ತನೇ ತರಗತಿ ಮುಗಿಯುವವರೆಗೂ ನಾನು ಲಾಳಿಯ ಸದ್ದು ಕೇಳುತ್ತಲೇ ಮಲಗಿ, ಲಾಳಿಯ ಸದ್ದಿಗೇ ಏಳುತ್ತಿದ್ದೆ.

ಆ ಅಕ್ಕನಿಗೆ ಎದೆನೋವು ಶುರುವಾಯಿತು. ವಯಸ್ಸು ಮೂವತ್ತೆಂಟು. ಕೊಡ ಹೊತ್ತು ಮೆಟ್ಟಿಲು ಹತ್ತಿದರೆ ನೋವು, ಹತ್ತಿ ಕುಳಿತ ಮೇಲೂ ಎಷ್ಟೋ ಹೊತ್ತು ನೋವು, ಒಮ್ಮೊಮ್ಮೆ ಸುಮ್ಮನೆ ಕುಳಿತಾಗಲೂ ನೋವು. ಬಾಲಪ್ಪ ಮಾಮ ಮಹಬೂಬನಗರಕ್ಕೆ ಕರೆದುಕೊಂಡು ಹೋದ. ಅಲ್ಲಿ ಮಣಿಕಟ್ಟಿನಿಂದ ಸಣ್ಣ ನಳಿಕೆ ಹಾಕಿ ಹೃದಯದ ನಾಳಗಳ ಚಿತ್ರ ತೆಗೆದರು. ದೊಡ್ಡ ನಾಳಗಳಲ್ಲಿ ಎಲ್ಲೂ ಅಡ್ಡಿಯಿಲ್ಲ ಎಂದರು. ಮೂರು ಬಗೆಯ ಗುಳಿಗೆ ಬರೆದುಕೊಟ್ಟು, ನೋವು ನಿಲ್ಲದಿದ್ದರೆ ತಿಂಗಳಿಗೆ ಮತ್ತೆ ಬನ್ನಿ, ಇನ್ನೂ ನೋಡೋಣ ಎಂದರು. ವೈದ್ಯರು ಹೇಳಿದ್ದು ಅಷ್ಟು. ನಮ್ಮ ಮನೆಗೆ ಬರುವಷ್ಟರಲ್ಲಿ ಅದರ ಮೊದಲಿನ ಅರ್ಧ ಮಾತ್ರ ಉಳಿದಿತ್ತು.

"ಏನೂ ಇಲ್ಲಂತ್ರೀ," ಎಂದು ಮಾಮ ಮೂರು ಸಲ ಕೆಮ್ಮಿ ಓಣಿಗೆಲ್ಲ ಹೇಳಿದ. "ಎದಿ ಸಾಫ್ ಐತಂತ. ಈಕಿಗೆ ಖಾಲಿ ಪರೇಶಾನಿ, ಸುಮ್ಮನ ಚಿಂತಿ."

ಆ ದಿನದಿಂದ ಅಕ್ಕನ ನೋವು ಮನೆಯಲ್ಲಿ ನಾಟಕವಾಯಿತು. ನನ್ನ ಕೈಯಲ್ಲಿ ಅದು ಐಟಮ್ ಆಯಿತು.

ಈಗ ಹೇಳಿಕೆಯ ವಿಷಯ. ನಮ್ಮೂರು ಮಕ್ತಲ್ ಹತ್ತಿರ, ಮುಖ್ಯ ರಸ್ತೆಯಿಂದ ಒಳಗೆ. ನಮ್ಮ ಬೀರಪ್ಪನ ಗುಡಿಯಲ್ಲಿ ಸೋಮವಾರ ಪೂಜಾರಿ ಸಿದ್ದಪ್ಪ ಮುತ್ಯಾ ಹೇಳಿಕೆಗೆ ಕೂಡುತ್ತಾನೆ. ಕೂಡುವಾಗ ತಲೆಯಿಂದ ಮೊಣಕಾಲವರೆಗೆ ಕರಿ ಕಂಬಳಿ ಹೊದ್ದುಕೊಳ್ಳುವುದು ಪದ್ಧತಿ. ಕೇಳುವವರಿಗೆ ಮನುಷ್ಯನ ಮುಖ ಕಾಣಬಾರದು, ಮಾತಷ್ಟೇ ಕೇಳಬೇಕು. ಒಳಗೆ ದೀಪವೂ ಸಣ್ಣದು. ಈ ಪದ್ಧತಿ ಮಾಡಿದ ಹಿರಿಯರಿಗೆ ಮುಂದೊಂದು ದಿನ ನನ್ನಂಥವನು ಹುಟ್ಟುತ್ತಾನೆಂದು ಹೊಳೆದಿರಲಿಕ್ಕಿಲ್ಲ.

ಆ ಸೋಮವಾರ ಮುತ್ಯಾ ಕಣ್ಣಿನ ಆಪರೇಷನ್‌ಗೆ ರಾಯಚೂರಿಗೆ ಹೋಗಿದ್ದ. ಅಕ್ಕನಿಗೆ ಗೊತ್ತಿರಲಿಲ್ಲ. ಮೊದಲ ಬಸ್ಸಿಗೇ ನಾರಾಯಣಪೇಟೆಯಿಂದ ಬಂದಿಳಿದಳು, ಕೈಯಲ್ಲಿ ತೆಂಗಿನಕಾಯಿ.

"ನಾಳಿ ಮಹಬೂಬನಗರಕ್ಕ ಮತ್ತ ಹೋಗಬೇಕಂತ ಡಾಕ್ಟರ್ ಹೇಳಿದ ತಾರೀಖು. ನಿಮ್ಮ ಮಾಮ ಒಲ್ಲೆ ಅಂತಾನ. ನೀ ಬರ್ತಿಯೇನೋ ತಮ್ಮಾ? ಬೀರಪ್ಪನ್ನ ಒಂದ ಮಾತು ಕೇಳಿ ಹೋಗೂನು," ಎಂದಳು.

ನನಗೆ ಮರುದಿನ ಗದ್ವಾಲದಲ್ಲಿ ಕಾರ್ಯಕ್ರಮವಿತ್ತು. ತಯಾರಿಗೆ ಅಂದೇ ಬರಲು ಹೇಳಿದ್ದರು. ಆಕೆಯ ಜೊತೆ ಮಹಬೂಬನಗರದ ಬೆಂಚುಗಳ ಮೇಲೆ ದಿನವಿಡೀ ಕೂಡುವುದು ಬೇಡವಾಗಿತ್ತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಬರೆಯಲು ಸ್ವಲ್ಪ ಮರ್ಯಾದೆಯಾದರೂ ಇರುತ್ತಿತ್ತು.

"ಮುತ್ಯಾ ಒಳಗ ಕುಂತಾನ, ಕೈ-ಕಾಲು ತೊಳಕೊಂಡು ಹೋಗಬೇ," ಎಂದೆ. ಆಕೆ ನಲ್ಲಿಯ ಕಡೆ ಹೋದಳು. ನಾನು ಗುಡಿಯ ಹಿಂದಿನ ಬಾಗಿಲಿನಿಂದ ಓಡಿ ಕಂಬಳಿಯೊಳಗೆ ಹೊಕ್ಕೆ.

"ತಾಯೀ..." ಎಂದೆ, ಮುತ್ಯಾನ ಗೊರಗೊರ ದನಿಯಲ್ಲಿ. "ಎದ್ಯಾಗ ಏನೂ ಇಲ್ಲ ತಾಯೀ. ಮನಸಿನ ಗಾಳಿ ಅದು. ದವಾಖಾನಿ ತಿರುಗಬ್ಯಾಡ. ಮನಿಗೆ ಹೋಗು, ಮಗ್ಗ ಹೂಡು. ಗುಳಿಗಿ ಬ್ಯಾಡ, ಗೋಳು ಬ್ಯಾಡ."

ಗುಳಿಗೆ ಬೇಡ ಎಂಬುದನ್ನು ನಾನು ಯೋಚಿಸಿ ಹೇಳಿದ್ದಲ್ಲ. ಮಾತಿನ ಓಟದಲ್ಲಿ ಬಾಯಿಗೆ ಬಂತು, ಲಯ ಚೆನ್ನಾಗಿತ್ತು, ಹೇಳಿಬಿಟ್ಟೆ. ವೇದಿಕೆಯ ಮೇಲೆ ನಾನು ಮಾಡುವುದೇ ಅದು.

ಅಕ್ಕ ಕಾಯಿ ಇಟ್ಟು, ಹಣೆ ನೆಲಕ್ಕೆ ಮುಟ್ಟಿಸಿ, ಎದ್ದು ಹೋದಳು. ನಾನು ಗದ್ವಾಲದ ಬಸ್ಸು ಹಿಡಿದೆ.

ಅಂದಿನಿಂದ ಆಕೆಯ ಬಾಯಲ್ಲಿ ನೋವು ಎಂಬ ಮಾತೇ ಬರಲಿಲ್ಲ. ಮಾಮನಿಗೆ ಸಂತೋಷ. ನಾನಂತೂ ಒಳಗೊಳಗೇ ಬೀಗಿದೆ: ನೋಡು, ನನ್ನ ಹೇಳಿಕೆಗೆ ಮುತ್ಯಾನ ಹೇಳಿಕೆಗಿಂತ ಬೇಗ ಫಲ ಬಂತು!

ಶ್ರಾವಣದಲ್ಲಿ ಗದ್ವಾಲದಲ್ಲಿ ನಮ್ಮ ಸಂಬಂಧಿಕರ ಮದುವೆ. ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಕೈಗೆ ಮೈಕು ಕೊಟ್ಟರು. ಕಂಡಕ್ಟರ್ ಮುಗಿಯಿತು, ಮಾಮನ ಕೆಮ್ಮು ಮುಗಿಯಿತು. "ಇನ್ನ ನಮ್ಮ ಅಕ್ಕನ ಎದಿನೋವು!" ಎಂದೆ. ತಲೆಯ ಮೇಲೆ ಇಲ್ಲದ ಕೊಡ ಹೊತ್ತೆ. ಇಲ್ಲದ ಮೆಟ್ಟಿಲು ಹತ್ತಿದೆ. ಮೂರನೆಯದಕ್ಕೆ ನಿಂತೆ. ಖಾಲಿ ಕೈ ಎದೆಯ ಮೇಲೆ, ಅಂಗೈ ಅಗಲಿಸಿ. ಗದ್ದ ಮೇಲಕ್ಕೆ. ಬಾಯಿ ಮೀನಿನಂತೆ ಎರಡು ಸಲ ತೆರೆದು ಮುಚ್ಚಿ, ಆಮೇಲೆ ಗಂಡನ ಕಡೆ ತಿರುಗಿ, "ಏನಿಲ್ಲ, ನೀವು ಉಣ್ರೀ!"

ಹಾಲ್ ತುಂಬ ನಗು. ಎರಡನೇ ಸಾಲಿನಲ್ಲಿ ಅಕ್ಕನೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಗುತ್ತಲೇ ಎದ್ದು ನಿಂತಳು. ಅಂಗೈ ಅಗಲಿಸಿ ಎದೆಯ ಮೇಲಿಟ್ಟುಕೊಂಡಳು. ಗದ್ದ ಮೇಲಕ್ಕೆ ಎತ್ತಿದಳು. ಬಾಯಿ ಎರಡು ಸಲ ತೆರೆಯಿತು.

ಮಂದಿ ಚಪ್ಪಾಳೆ ಹೊಡೆದರು. ಯಾರೋ ಶಿಳ್ಳೆ ಹಾಕಿದರು. "ತಮ್ಮಗ ಅಕ್ಕನ ಜವಾಬು!" ಎಂದು ಹಿಂದಿನಿಂದ ಕೂಗಿದರು. ನಾನು ಮೈಕಿನಲ್ಲಿ, "ನೋಡ್ರೀ, ಒರಿಜಿನಲ್ಲೇ ಬಂತು! ಇನ್ನ ಮ್ಯಾಲ ನನ್ನ ಯಾರು ಕರೀತಾರ್ರೀ?" ಎಂದೆ. ಇನ್ನಷ್ಟು ಚಪ್ಪಾಳೆ.

ಅಕ್ಕ ಎರಡು ಕುರ್ಚಿಗಳ ನಡುವೆ ನೆಲಕ್ಕೆ ಕುಸಿದಳು. ನನ್ನ ಐಟಮ್‌ನಲ್ಲಿ ಅದು ಇರಲಿಲ್ಲ.

ಚಪ್ಪಾಳೆ ಒಮ್ಮೆಗೇ ನಿಲ್ಲಲಿಲ್ಲ. ಅದನ್ನು ನಾನು ಸಾಯುವವರೆಗೆ ಮರೆಯಲಾರೆ. ಮುಂದಿನವರು ನಿಲ್ಲಿಸಿದ ಮೇಲೂ ಹಿಂದಿನವರು ಹೊಡೆಯುತ್ತಲೇ ಇದ್ದರು. ಆಕೆಯ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು, ಹಣೆಯ ಮೇಲೆ ಬೆವರು ಸಾಲಾಗಿ ನಿಂತಿತ್ತು. "ಅಕ್ಕಾ" ಎಂದೆ. ಮೈಕು ಇನ್ನೂ ಕೈಯಲ್ಲೇ ಇತ್ತು. ಆ ಕೂಗು ನಾಲ್ಕೂ ಸ್ಪೀಕರುಗಳಿಂದ ಬಂತು. ಅದು ಯಾರ ದನಿಯೆಂದು ಒಂದು ಕ್ಷಣ ನನಗೇ ಗೊತ್ತಾಗಲಿಲ್ಲ.

108ರ ಗಾಡಿ ಬಂತು. ಗದ್ವಾಲದಲ್ಲಿ ಇಸಿಜಿ ತೆಗೆದು, ಹೃದಯಕ್ಕೆ ರಕ್ತ ಸಾಲುತ್ತಿಲ್ಲ, ಕರ್ನೂಲಿಗೆ ಒಯ್ಯಿರಿ ಎಂದರು. ಗಾಡಿಯಲ್ಲಿ ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ಮಾಮ ಆಕೆಯ ಕಾಲಬಳಿ ಕುಳಿತಿದ್ದ. ದಾರಿಯುದ್ದಕ್ಕೂ ಒಂದು ಸಲವೂ ಕೆಮ್ಮಲಿಲ್ಲ. ಆತ ಕೆಮ್ಮದಿರುವುದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

ಕರ್ನೂಲಿನ ದೊಡ್ಡ ದವಾಖಾನೆಯಲ್ಲಿ ಮತ್ತೆ ನಳಿಕೆ, ಮತ್ತೆ ಚಿತ್ರ. ಎರಡನೆಯ ದಿನ ಒಬ್ಬ ಎಳೆಯ ಡಾಕ್ಟರ್ ಹೊರಗೆ ಬಂದು, ದೊಡ್ಡ ನಾಳಗಳಲ್ಲಿ ಎಲ್ಲೂ ಅಡ್ಡಿಯಿಲ್ಲ ಎಂದ. ಹಾಗಾದರೆ ನೋವು ಯಾಕೆ, ಕುಸಿದಿದ್ದು ಯಾಕೆ ಎಂದು ಕೇಳಿದೆವು. ಸದ್ಯಕ್ಕೆ ನಮಗೂ ತಿಳಿಯುತ್ತಿಲ್ಲ, ನಾಳೆ ಮನೆಗೆ ಹೋಗಿ, ಮುಂದೆ ನೋಡೋಣ ಎಂದ. ಸುಳ್ಳು ಧೈರ್ಯ ಹೇಳಲಿಲ್ಲ, ಅದಕ್ಕೆ ಆತನಿಗೆ ನಮಸ್ಕಾರ. ಆದರೆ ನಮಗೆ ಕಾಲ ಕೆಳಗಿನ ನೆಲವೇ ಇಲ್ಲದಂತಾಯಿತು. ಇರುವ ರೋಗಕ್ಕೆ ಔಷಧ ಕೇಳಬಹುದು. ಏನೂ ಇಲ್ಲದೆ ಸಾಯುವವರಿಗೆ ಏನು ಕೇಳುವುದು?

ಅಂದು ಸಂಜೆ ನರ್ಸಮ್ಮ ಬಂದು, ಮನೆಯಲ್ಲಿ ಯಾವ ಗುಳಿಗೆ ನುಂಗುತ್ತಿದ್ದಿರಿ ಎಂದು ಕೇಳಿದಳು.

"ಯಾವುದೂ ಇಲ್ಲ, ಬಿಟ್ಟೀನಿ," ಎಂದಳು ಅಕ್ಕ.

ಮಾಮ ಬೆಚ್ಚಿಬಿದ್ದ. "ಯಾವಾಗ ಬಿಟ್ಟಿ?"

"ಯುಗಾದಿ ಆದ ಮ್ಯಾಲ."

"ಯಾಕ? ಯಾರನ್ನ ಕೇಳಿ ಬಿಟ್ಟಿ?"

"ದೇವರ ಬ್ಯಾಡಂದ," ಎಂದು ಅಕ್ಕ ನನ್ನ ಮುಖ ನೋಡಿದಳು. ಸುಮ್ಮನೆ ನೋಡಿದಳು, ಅಷ್ಟೇ.

ಆಕೆ ನೋವು ಹೇಳುವುದನ್ನು ಬಿಟ್ಟಿದ್ದಾಳೆಂದು ಗೊತ್ತಿತ್ತು. ಗುಳಿಗೆ ಬಿಟ್ಟಿದ್ದು ಆಗಲೇ ತಿಳಿದದ್ದು. ನಾಲ್ಕು ತಿಂಗಳು. ನೋವು ಹೋಗಿರಲಿಲ್ಲ, ನನ್ನ ಮಾತಿನ ಹಿಂದೆ ಅಡಗಿ ಕುಳಿತಿತ್ತು. ಎದ್ದು ಹೊರಗೆ ಬಂದೆ.

ಮೂರನೇ ಮಹಡಿಯ ವರಾಂಡದಲ್ಲಿ ಜಾಲರಿ ಹಿಡಿದು ನಿಂತೆ. ಪ್ರಾರ್ಥನೆ ಮಾಡೋಣವೆಂದು ಬಾಯಿ ತೆರೆದರೆ ಮುತ್ಯಾನ ದನಿ ಬಂತು. ನಾಚಿಕೆಯಾಗಿ ನಿಲ್ಲಿಸಿದೆ. ಮತ್ತೆ ಶುರು ಮಾಡಿದೆ, ವೇದಿಕೆಯ ದನಿ ಬಂತು: "ಹೇ ಪ್ರಭೋ" ಎಂದು, ಕೈ ಎತ್ತಿ. ಪಕ್ಕದಲ್ಲಿ ಅನ್ನ ಕಟ್ಟಿಕೊಂಡು ಕುಳಿತಿದ್ದ ಮುದುಕಿ ನನ್ನನ್ನು ನೋಡಿ ಗಂಟು ಆಚೆ ಸರಿಸಿಕೊಂಡಳು. ನೂರು ಮಂದಿಯ ದನಿ ನನ್ನ ಗಂಟಲಿನಲ್ಲಿದೆ. ದೇವರ ಮುಂದೆ ನಿಲ್ಲಲು ನನ್ನದೆಂಬುದು ಒಂದೂ ಸಿಗಲಿಲ್ಲ. ಅಳು ಬಂತು. ಅಳುವಿನ ನಡುವೆ ಹರಕುಮುರುಕಾಗಿ ಬಂದ ಮಾತು ಇಷ್ಟು:

"ಬೀರಪ್ಪಾ, ನಿನ್ನ ದನಿ ಕದ್ದೀನಿ. ನನಗೇನರ ಮಾಡು. ಅಕ್ಕನ ನೋವು ಖರೆ ಐತಿ ಅಂತ ಯಾರರೆ ಒಬ್ರು ಬಂದು ಹೇಳಂಗ ಮಾಡು. ಆಮ್ಯಾಲ ನಾ ಎಲ್ಲಾರ ಮುಂದ ನನ್ನ ತಪ್ಪು ಹೇಳ್ತೀನಿ."

ಹರಕೆ ಎಂದರೆ ಕುರಿ, ಕಂಬಳಿ, ಬೆಳ್ಳಿ ಕಣ್ಣು. ನಾನು ಕೊಡುತ್ತೇನೆಂದದ್ದು ನನ್ನ ಮಾನ. ಅದಕ್ಕೆ ದೊಡ್ಡ ಬೆಲೆಯೇನೂ ಇರಲಿಲ್ಲವೆಂದು ಬೀರಪ್ಪನಿಗೂ ಗೊತ್ತಿತ್ತು. ಆದರೂ ತೆಗೆದುಕೊಂಡ.

ಮರುದಿನ ಮುಂಜಾನೆ ಮನೆಗೆ ಹೋಗುವ ಕಾಗದ ತಯಾರಾಗಿತ್ತು. ಮಾಮ ಚೀಲ ಕಟ್ಟುತ್ತಿದ್ದ. ಆಗ ಪಕ್ಕದ ಮಂಚದ ಹೆಂಗಸನ್ನು ನೋಡಲು ಬೇರೆ ವಿಭಾಗದ ಒಬ್ಬ ಡಾಕ್ಟರಮ್ಮ ಬಂದರು. ಐವತ್ತರ ಆಸುಪಾಸು, ಕಾಲಲ್ಲಿ ಸಾದಾ ರಬ್ಬರ್ ಚಪ್ಪಲಿ, ಕನ್ನಡಕ ಹಣೆಯ ಮೇಲೆ. ಕೀಲುಬೇನೆ ನೋಡುವವರು. ನಮಗೂ ಅವರಿಗೂ ಸಂಬಂಧವೇ ಇಲ್ಲ. ಪಕ್ಕದವಳನ್ನು ನೋಡಿ ತಿರುಗಿ ಹೋಗುವಾಗ ನಿಂತರು. ಅಕ್ಕ ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಒದ್ದಾಡುತ್ತಿದ್ದಳು. ಬೆರಳುಗಳಿಂದ ಆಗದೆ ಎರಡು ಅಂಗೈ ನಡುವೆ ಒತ್ತಿ ತಿರುಗಿಸುತ್ತಿದ್ದಳು.

"ಏಮ್ಮಾ, ಮೂತ ತೀಯಲೇಕಪೋತುನ್ನಾವಾ?" ಎಂದು ತೆಲುಗಿನಲ್ಲಿ ಕೇಳಿದರು, ಮುಚ್ಚಳ ತೆಗೆಯಲು ಬರುತ್ತಿಲ್ಲವೇನಮ್ಮ ಎಂದು. ಉತ್ತರಕ್ಕೂ ಕಾಯದೆ ಅಕ್ಕನ ಕೈ ಹಿಡಿದು ಬೆರಳ ಗಿಣ್ಣುಗಳನ್ನು ಒಂದೊಂದಾಗಿ ಒತ್ತಿದರು. ಅಕ್ಕ ಹಲ್ಲು ಕಚ್ಚಿದಳು. ಗಿಣ್ಣುಗಳು ಉಬ್ಬಿ ಮೆತ್ತಗಾಗಿದ್ದವು.

"ಎಷ್ಟು ವರ್ಷದಿಂದ ಹೀಗಿದೆ?"

"ಮಗ್ಗದ ಕೈ ಅಲ್ಲೇನಮ್ಮಾ," ಎಂದಳು ಅಕ್ಕ. "ನೇಯೋರ ಕೈ ಎಲ್ಲಾರದೂ ಹಿಂಗ ಇರ್ತಾವು."

ನಾವೂ ಹಾಗೇ ತಿಳಿದಿದ್ದೆವು. ಏಳೆಂಟು ವರ್ಷದಿಂದ ಅಕ್ಕ ಮುಂಜಾನೆ ಎದ್ದು ಬಿಸಿನೀರಿನಲ್ಲಿ ಕೈ ಅದ್ದಿ ಕೂಡುತ್ತಿದ್ದಳು. ಬೆರಳು ಮಡಚಲು ಬಂದ ಮೇಲೆಯೇ ಕಡಿದ ಎಳೆಗೆ ಗಂಟು ಹಾಕುತ್ತಿದ್ದಳು. ಮಗ್ಗವಿರುವ ಮನೆಯಲ್ಲಿ ಕೈ ನೋಯುತ್ತದೆ ಎನ್ನುವುದು ಒಂದು ಸುದ್ದಿಯೇ ಅಲ್ಲ. ಎದೆ ನೋಡಿಸಲು ಹೋದವರಿಗೆ ಕೈ ತೋರಿಸಬೇಕೆಂದು ಹೊಳೆಯಲೂ ಇಲ್ಲ.

ಡಾಕ್ಟರಮ್ಮ ಕುರ್ಚಿ ಎಳೆದು ಕುಳಿತರು. ಅಕ್ಕನ ಕಾಗದಗಳನ್ನೆಲ್ಲ ಓದಿ, "ಎದೆ ಹೇಗೆ ನೋಯುತ್ತದೆ, ಹೇಳು," ಎಂದರು.

"ಏನಿಲ್ಲಮ್ಮಾ," ಎಂದಳು ಅಕ್ಕ.

"ಯಾವಾಗ ಬರುತ್ತದೆ?"

"ಏನಿಲ್ಲ ಬಿಡ್ರಮ್ಮಾ."

ಮಾಮನನ್ನು ಕೇಳಿದರೆ ಆತ ನೆಲ ನೋಡಿದ. ನಾನು, "ಮೇಡಂ, ನನಗ ಗೊತ್ತೈತ್ರೀ, ಮೊದಲ ಕೊಡ ಹೊತ್ತಾಗ ಬರ್ತದ್ರೀ, ಆಮ್ಯಾಲ..." ಎಂದು ಗಡಬಡಿಸಿ ಅರ್ಧ ಕನ್ನಡ, ಅರ್ಧ ತೆಲುಗು, ಎಲ್ಲ ಕಲಸಿಬಿಟ್ಟೆ. ಡಾಕ್ಟರಮ್ಮ ಕೈ ಎತ್ತಿದರು.

"ಮಾತು ಬೇಡ. ಆಕೆ ಏನು ಮಾಡುತ್ತಾಳೆ, ಅದನ್ನು ಮಾಡಿ ತೋರಿಸು."

ಆ ಕೋಣೆಯಲ್ಲಿ ಎಂಟು ಮಂಚ. ಎಲ್ಲರೂ ನೋಡುತ್ತಿದ್ದರು. ನಾನು ಇಲ್ಲದ ಕೊಡ ಹೊತ್ತೆ. ಮೂರನೇ ಮೆಟ್ಟಿಲಿಗೆ ನಿಂತೆ. ಅಂಗೈ ಅಗಲಿಸಿ ಎದೆಯ ಮೇಲಿಟ್ಟೆ. ಅದೇ ಐಟಮ್. ಆದರೆ ಯಾರೂ ನಗಲಿಲ್ಲ, ನಿಲ್ಲಿಸು ಎಂದು ಹೇಳುವವರೂ ಇರಲಿಲ್ಲ, ಹಾಗಾಗಿ ಮುಂದಕ್ಕೂ ಮಾಡುತ್ತ ಹೋದೆ. ವೇದಿಕೆಯ ಮೇಲೆ ನಾನು ಎಂದೂ ಮಾಡದ ಭಾಗ: ಮೆಟ್ಟಿಲು ಹತ್ತಿದ ಮೇಲೆ ಗೋಡೆಗೆ ಒರಗುವುದು. ಕೊಡ ಇಳಿಸಿದ ಮೇಲೂ ಕೈ ಎದೆಯಿಂದ ಕದಲದಿರುವುದು. ದವಡೆ ತಿಕ್ಕಿಕೊಳ್ಳುವುದು. ಯಾರಾದರೂ ಬಂದರೆ ಆ ಕೈಯನ್ನು ಸೆರಗು ಸರಿಮಾಡುವಂತೆ ಇಳಿಸಿ, ಅವರು ಹೋದ ಕೂಡಲೇ ಮತ್ತೆ ಅಲ್ಲಿಯೇ ಇಡುವುದು. ಮಗ್ಗದ ಮುಂದೆ ಸುಮ್ಮನೆ ಕುಳಿತಾಗ ಇದ್ದಕ್ಕಿದ್ದಂತೆ ಲಾಳಿ ನಿಲ್ಲಿಸಿ, ಕಣ್ಣು ಮುಚ್ಚಿ, ಒಳಗೇ ಎಣಿಸುವುದು. ಇವೆಲ್ಲ ನನಗೆ ಹೇಗೆ ಗೊತ್ತಿದ್ದವು? ನೋಡಿದ್ದೆ. ಒಂದು ವರ್ಷ, ಅವರ ಮನೆಗೆ ಹೋದಾಗಲೆಲ್ಲ, ಎಲ್ಲವನ್ನೂ ನೋಡಿ, ನಗು ಬರುವುದನ್ನು ಮಾತ್ರ ಆರಿಸಿಕೊಂಡಿದ್ದೆ.

ಮುಗಿಸಿ ನಿಂತೆ. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದ್ದಳು; ಹೆಗಲು ಅಲುಗುತ್ತಿತ್ತು. ಡಾಕ್ಟರಮ್ಮ ಕನ್ನಡಕ ಇಳಿಸಿ, ಅಕ್ಕನ ತಲೆಯ ಮೇಲೆ ಕೈ ಇಟ್ಟು ಹೇಳಿದರು:

"ಈ ನೊಪ್ಪಿ ನಿಜಮೇನಮ್ಮಾ."

ಈ ನೋವು ನಿಜವಾದದ್ದೇ ಅಮ್ಮ. ಹಿಂದಿನ ಸಂಜೆ ವರಾಂಡದಲ್ಲಿ ನಾನು ಕೇಳಿಕೊಂಡ ಮಾತು, ಅಕ್ಷರಕ್ಕೆ ಅಕ್ಷರ, ತೆಲುಗಿನಲ್ಲಿ. ಬಂಧುಗಳೇ, ನನಗೆ ಸಂತೋಷವಾಗಲಿಲ್ಲ, ಭಯವಾಯಿತು. ಯಾರೋ ಕೇಳಿಸಿಕೊಂಡಿದ್ದಾರೆ ಎಂಬ ಭಯ. ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟೆ.

ಅವರು ವಿವರಿಸಿದ್ದನ್ನು ನನ್ನ ಬುದ್ಧಿಗೆ ನಿಲುಕಿದಷ್ಟು ಕನ್ನಡದಲ್ಲಿ ಬರೆಯುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಬೇಕಾದೀತು. "ಜೂರಾಲ ಕಾಲುವೆ ನೋಡಿದ್ದೀಯಲ್ಲ? ದೊಡ್ಡ ಕಾಲುವೆ ತುಂಬಿ ಹರಿಯುತ್ತಿದ್ದರೂ ಹೊಲದೊಳಗಿನ ಸಣ್ಣ ಕಾಲುವೆ ಕಟ್ಟಿಕೊಂಡರೆ ಬೆಳೆ ಒಣಗುವುದಿಲ್ಲವೇ? ಎರಡು ಸಲ ತೆಗೆದ ಚಿತ್ರ ಸುಳ್ಳಲ್ಲ. ಅದರಲ್ಲಿ ದೊಡ್ಡ ನಾಳಗಳು ಮಾತ್ರ ಕಾಣುತ್ತವೆ. ಹೃದಯದ ಮಾಂಸದೊಳಗೆ ಕೂದಲಿಗಿಂತ ಸಣ್ಣ ನಾಳಗಳಿವೆ, ಅವು ಕಾಣುವುದಿಲ್ಲ. ನಿಮ್ಮ ಅಕ್ಕನಿಗಿರುವುದು ಕೀಲುವಾತ. ಅದು ಬೆರಳಲ್ಲೇ ನಿಲ್ಲುವ ರೋಗವಲ್ಲ, ಮೈತುಂಬ ಒಳಗೊಳಗೇ ಉರಿ. ವರ್ಷಗಟ್ಟಲೆ ಉರಿದರೆ ಆ ಸಣ್ಣ ನಾಳಗಳ ಒಳಮೈ ಕೆಡುತ್ತದೆ. ಹೃದಯಕ್ಕೆ ಕೆಲಸ ಹೆಚ್ಚಾದಾಗ ಅವು ಹಿಗ್ಗಬೇಕು, ಹಿಗ್ಗುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇದ್ದವರಲ್ಲೂ ಹೀಗಾಗುತ್ತದೆ. ಹೆಂಗಸರಲ್ಲಿ ಹೆಚ್ಚು ನೋಡುತ್ತೇವೆ. ಅವರ ಮಾತನ್ನೇ ಮನೆಯಲ್ಲಿ ಕಡಿಮೆ ನಂಬುತ್ತಾರೆ."

ಕೊನೆಯ ಮಾತು ಹೇಳುವಾಗ ಅವರು ಮಾಮನನ್ನಾಗಲೀ ನನ್ನನ್ನಾಗಲೀ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಮನೆಗೆ ಹೋಗುವ ಕಾಗದ ಹಾಗೇ ಉಳಿಯಿತು. ಹೃದಯದ ಡಾಕ್ಟರರೂ ಅವರೂ ಕೂಡಿ ಮಾತಾಡಿ, ರಕ್ತ ಪರೀಕ್ಷೆ ಮಾಡಿಸಿ, ಹೈದರಾಬಾದಿಗೆ ಬರೆದುಕೊಟ್ಟರು. ಅಲ್ಲಿ ಹೃದಯ ಓಡುವಂತೆ ಔಷಧ ಕೊಟ್ಟು, ಸುರಂಗದಂಥ ಯಂತ್ರದೊಳಗೆ ಮಲಗಿಸಿ, ಮಾಂಸಕ್ಕೆ ರಕ್ತ ಎಲ್ಲಿಯವರೆಗೆ ಮುಟ್ಟುತ್ತದೆಂದು ನೋಡಿದರು. ಡಾಕ್ಟರಮ್ಮ ಹೇಳಿದ್ದೇ ಸರಿಯಾಯಿತು. ಒಳಪದರಕ್ಕೆ ರಕ್ತ ಸಾಲುತ್ತಿರಲಿಲ್ಲ. ಇನ್ನೊಂದು ವರ್ಷ ಹೀಗೇ ಬಿಟ್ಟಿದ್ದರೆ ಎಂದು ಮಾಮ ಕೇಳಿದ. ಅಲ್ಲಿನ ಡಾಕ್ಟರ್, "ಬಿಟ್ಟಿಲ್ಲವಲ್ಲ," ಎಂದಷ್ಟೇ ಹೇಳಿದರು.

ಈಗ ಅಕ್ಕ ಕೀಲುವಾತಕ್ಕೆ ವಾರಕ್ಕೊಮ್ಮೆ ಒಂದು ಗುಳಿಗೆ, ಹೃದಯಕ್ಕೆ ದಿನಾಲೂ ಗುಳಿಗೆ ನುಂಗುತ್ತಾಳೆ. ಪೂರ್ತಿ ವಾಸಿಯಾಗುವ ರೋಗವಲ್ಲ, ಹಿಡಿತದಲ್ಲಿ ಇಡುವ ರೋಗ ಎಂದಿದ್ದಾರೆ. ದೀಪಾವಳಿಯ ಹೊತ್ತಿಗೆ ಬಾಟಲಿ ಮುಚ್ಚಳ ಬೆರಳಿನಿಂದಲೇ ತೆಗೆದಳು. ಮಾಮ ಕೊಡ ಹೊರುತ್ತಾನೆ. ಮೂರನೇ ಮೆಟ್ಟಿಲಿಗೆ ನಿಂತು ಆತನೂ ತೇಕುತ್ತಾನೆ. ಅದನ್ನು ಮಿಮಿಕ್ರಿ ಮಾಡಲು ನನಗೆ ಬಹಳ ಆಸೆ, ಇನ್ನೂ ಮಾಡಿಲ್ಲ.

ಇದೆಲ್ಲ ಆಕಸ್ಮಿಕ ಎಂದು ಅಂಗಡಿಗೆ ಬಂದ ಗೆಳೆಯರು ಹೇಳುತ್ತಾರೆ. ಹೇಳಲಿ. ಪಕ್ಕದ ಮಂಚದವಳಿಗೆ ಅದೇ ದಿನ ಕೀಲು ನೋಯಬೇಕು, ಆ ಡಾಕ್ಟರಮ್ಮ ಅದೇ ಗಳಿಗೆಗೆ ಬರಬೇಕು, ನಾವು ಚೀಲ ಹೆಗಲಿಗೆ ಹಾಕುವ ಮೊದಲೇ ಬರಬೇಕು, ಬಾಟಲಿಯ ಮುಚ್ಚಳ ಗಟ್ಟಿಯಾಗಿರಬೇಕು. ಇಷ್ಟನ್ನೆಲ್ಲ ಜೋಡಿಸಿದವನಿಗೆ ನಾನು ಕೈ ಮುಗಿಯುತ್ತೇನೆ. ಮೊದಲು ನಾನು ಗುಡಿಗೆ ಹೋಗುತ್ತಿದ್ದುದು ಹೊಸ ದನಿಗಳು ಸಿಗುತ್ತವೆಂದು. ಈಗ ನನ್ನ ಹರಕು ದನಿ ಒಂದನ್ನೇ ಒಯ್ಯುತ್ತೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಅಂಗೈ ಅಗಲಿಸಿ ಎದೆಯ ಮೇಲಿಟ್ಟುಕೊಂಡು "ಏನಿಲ್ಲ" ಎಂದರೆ, ದಯವಿಟ್ಟು ನಂಬಬೇಡಿ.

ಹರಕೆ ತೀರಿಸಿದ್ದನ್ನು ಹೇಳಿ ಮುಗಿಸುತ್ತೇನೆ. ಈ ವರ್ಷ ಸಂಕ್ರಾಂತಿಯಾದ ಮೇಲಿನ ಸೋಮವಾರ ಅಕ್ಕ, ಮಾಮ, ನಾನು ಮೂವರೂ ಗುಡಿಗೆ ಹೋದೆವು. ಕೇಳುವವರು ಹತ್ತು-ಹದಿನೈದು ಮಂದಿ ಇದ್ದರು. ಸಿದ್ದಪ್ಪ ಮುತ್ಯಾ ಇನ್ನೂ ಕಂಬಳಿ ಹೊದ್ದಿರಲಿಲ್ಲ. ಎಲ್ಲರ ಮುಂದೆ ಆತನ ಕಾಲು ಹಿಡಿದು, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮಾಮ ಕೆಮ್ಮಲೂ ಮರೆತು ನನ್ನನ್ನೇ ನೋಡುತ್ತಿದ್ದ. ಮುತ್ಯಾ ಅತ್ತಿತ್ತ ನೋಡಿದ. ಬಡಿಗೆ ಹುಡುಕುತ್ತಿದ್ದಾನೆಂದು ನಾನು ತಿಳಿದೆ.

"ಎಲ್ಲಿ, ನನ್ನ ದನಿ ತೆಗಿ, ಕೇಳೂನು," ಎಂದ.

"ತಾಯೀ..." ಎಂದೆ, ಒಂದೇ ಸಾಲು.

ಮುತ್ಯಾನ ಮುಖ ಇಳಿಯಿತು. "ಇಷ್ಟು ಕೆಟ್ಟ ಐತೇನಲೇ ನನ್ನ ದನಿ? ಇಷ್ಟು ವರ್ಷ ಮಂದಿ ಹ್ಯಾಂಗ ತಡಕೊಂಡಾರ?"

ಮಂದಿ ನಕ್ಕರು. ನಾನು ಅಕ್ಕನ ಕಡೆ ತಿರುಗಿ ಕೈ ಮುಗಿದೆ. ಆಕೆ ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದೆ. ಆಕೆ ಎರಡನ್ನೂ ಮಾಡಲಿಲ್ಲ.

"ನನಗ ಅವತ್ತ ಗೊತ್ತಿತ್ತು," ಎಂದಳು.

"ಏನು?"

"ನೀನ ಅಂತ. ದನಿ ಮುತ್ಯಾಂದ ಇತ್ತು, ಖರೆ. ಆದರ ಬೀರಪ್ಪ ಮೊಬೈಲ್ ಯಾವಾಗ ತಗೊಂಡ? ಹೇಳಿಕಿ ನಡುವ ಕಂಬಳಿ ಒಳಗ ಬೆಳಕು ಹತ್ತಿತ್ತು. ಬಸ್ಸಿನ ಟೈಮ್ ನೋಡಿದ್ಯಲ್ಲ?"

ನೋಡಿದ್ದೆ. ನನಗೇ ಮರೆತಿತ್ತು.

"ಗೊತ್ತಿದ್ದೂ ಗುಳಿಗಿ ಯಾಕ ಬಿಟ್ಟೆಬೇ ಅಕ್ಕಾ?"

"ದವಾಖಾನ್ಯಾಗ ಏನಿಲ್ಲಂದ್ರು. ನಿಮ್ಮ ಮಾಮ ನಾಟಕ ಅಂದ. ನೀ ಒಬ್ಬ ಉಳಿದಿದ್ದಿ. ನೀನೂ ದೇವರ ಕಂಬಳಿ ಹೊದ್ದು ಬಂದು ಅದನ್ನ ಹೇಳಿದಿ. ನಾ ಸಾಕಿದ ಕೂಸಿಗೂ ಬ್ಯಾಸರ ಆಗೀನಿ ಅಂದ ಮ್ಯಾಲ, ಯಾರ ಸಲುವಾಗಿ ನುಂಗ್ಲಿ?"

ಮಾಮ ಮುಖಕ್ಕೆ ಟವೆಲ್ ಒತ್ತಿಕೊಂಡ. ಸಣ್ಣ ಹುಡುಗರು ತಪ್ಪನ್ನು ಬೇರೆಯವರ ಮೇಲೆ ಹಾಕುವಂತೆ ದೇವರ ಮೇಲೆ ಹಾಕಿದೆ. "ಅವತ್ತು ಬೀರಪ್ಪ ಇಲ್ಲೇ ಗದ್ದಿಗಿ ಮ್ಯಾಲ ಇದ್ದನಲ್ಲಬೇ? ನನ್ನ ಮುಂದನ ಕುಂತು ಎಲ್ಲಾ ಕೇಳಿದ. ಒಂದ ಮಾತು ಯಾಕ ಆಡಲಿಲ್ಲ?"

ಅಕ್ಕ ಸೆರಗು ಕೊಡವಿ ಎದ್ದಳು.

"ನೀ ಬಾಯಿ ಮುಚ್ಚಿದ್ರ ತಾನ ಅಂವ ಬಾಯಿ ತೆಗಿಯೋದು? ಕರ್ನೂಲಾಗ ಒಂದ ಗಳಿಗಿ ಮುಚ್ಚಿದಿ, ಹೇಳಿದ."